ಆನೆಯ ದಾರಿ, ರೈತನ ಪಹಣಿ



2025ರ ಸೆಪ್ಟೆಂಬರಿನಲ್ಲಿ ಇಲ್ಲೇ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು, ಹುಲಿಗೆಂದು ತಂದಿಟ್ಟ ಬೋನಿಗೆ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ತಳ್ಳಿ ಬಾಗಿಲು ಮುಚ್ಚಿದರು. ಹುಲಿ ಓಡಾಡುತ್ತಿದೆ ಎಂದು ಎಷ್ಟು ಹೇಳಿದರೂ ಹಿಡಿಯಲಿಲ್ಲ ಎಂಬುದು ಅವರ ಸಿಟ್ಟು. ಅದಕ್ಕೆ ಮೂರು ತಿಂಗಳ ಹಿಂದೆ, ಜೂನ್ ಕೊನೆಯಲ್ಲಿ, ಇದೇ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ನವೆಂಬರಿನ ಹೊತ್ತಿಗೆ ಸರಗೂರು, ಹೆಗ್ಗಡದೇವನಕೋಟೆ ಕಡೆ ಹುಲಿ ದಾಳಿಗೆ ರೈತರು ಬಲಿಯಾಗಿ, ಬಂಡೀಪುರ ನಾಗರಹೊಳೆಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಬೇಕಾಯಿತು.

ಕಾಡಂಚಿನ ಜನಕ್ಕೆ ಕಾಡುಪ್ರಾಣಿ ಕಂಡರಾಗದು ಎಂದು ಒಂದೇ ಮಾತಿನಲ್ಲಿ ಇದನ್ನೆಲ್ಲ ಮುಗಿಸುವವರು ನಗರಗಳಲ್ಲಿ ಬೇಕಾದಷ್ಟಿದ್ದಾರೆ. ಹುಲಿ ಏರಿ ಕೂತ ಮಾದಪ್ಪನಿಗೆ, ಮಲೆ ಮಹದೇಶ್ವರನಿಗೆ, ಹರಕೆ ಹೊತ್ತು ಏಳುಮಲೆ ಹತ್ತುವ ಸೀಮೆ ಇದು ಎಂದು ಅವರಿಗೆ ನೆನಪಿಸಬಹುದು. ಆದರೆ ಭಕ್ತಿಯೇ ಹುಲಿಯನ್ನು ಕಾಯುತ್ತದೆ ಎಂದು ನಾನು ಹೇಳಲಾರೆ. ಹೂಗ್ಯಂ ಇರುವುದೂ ಮಾದಪ್ಪನ ಸೀಮೆಯಲ್ಲೇ. ಹಾಗಾದರೆ ಈ ಸಿಟ್ಟು ಎಲ್ಲಿಂದ ಬಂತು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಆರಾಮಾಗಿ ಕೂತು ತಪ್ಪು ಹುಡುಕಲಿ. ಜನ ಎದುರು ನಿಂತಿರುವುದು ನಕ್ಷೆಗೆ. ತಮ್ಮ ಜಮೀನಿನ ಹಳೆಯ ಲೆಕ್ಕ ಚುಕ್ತಾ ಆಗದೆ ಅದರ ಮೇಲೆ ಇನ್ನೊಂದು ಗೆರೆ ಎಳೆಯುವ ನಕ್ಷೆಗೆ. ಅದರ ಜೊತೆಗೆ ಇನ್ನೊಂದು ಮಾತು: ಆ ಸಿಟ್ಟನ್ನು ಬಂಡವಾಳ ಮಾಡಿಕೊಂಡವರು ಬೇರೆಯೇ ಇದ್ದಾರೆ.

ಆನೆಗೆ ದಾರಿ ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. 1980ರ ದಶಕದ ಆರಂಭದಲ್ಲಿ ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಆನೆಗಳ ಬೆನ್ನು ಹತ್ತಿ ಅಲೆದದ್ದು ಇದೇ ಪುಣಜನೂರು, ಹಾಸನೂರು ಕಾಡುಗಳಲ್ಲಿ. ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆ ಹಿಂಡುಗಳಿಗಿಂತ ಸಲಗಗಳದೇ ಮುಂದು ಎಂದು ಲೆಕ್ಕ ಹಾಕಿ ತೋರಿಸಿದ್ದೂ ಆ ಅಧ್ಯಯನವೇ. ರಾಗಿ ತೆನೆ ಕಟ್ಟುವ ಹೊತ್ತಿಗೆ ಅಟ್ಟಣೆ ಏರಿ ಕಾಯುವ ಇಲ್ಲಿನ ರೈತನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ, ಬಿಡಿ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಎಂದು ಅಂದಾಜಾಯಿತು. ಲದ್ದಿಯ ಡಿಎನ್‌ಎ ಪರೀಕ್ಷಿಸಿ ಮಾಡಿದ, 2025ರಲ್ಲಿ ಹೊರಬಂದ ಲೆಕ್ಕ 6,013 ಎನ್ನುತ್ತದೆ. ಎಣಿಸುವ ಕ್ರಮವೇ ಬೇರೆಯಾದ್ದರಿಂದ ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೆಚ್ಚು ಕಡಿಮೆ ಹೇಳುವುದು ಸರಿಯಲ್ಲ. ಹೇಗೇ ಎಣಿಸಿದರೂ ದೇಶದಲ್ಲಿ ಆನೆ ಹೆಚ್ಚಿರುವ ರಾಜ್ಯ ನಮ್ಮದೇ. ದೇಶದ ಆನೆ ಕಾರಿಡಾರುಗಳನ್ನು 2005ರಲ್ಲಿ 88 ಎಂದು ಗುರುತಿಸಿದ್ದರು, 2017ರಲ್ಲಿ 101 ಎಂದರು, 2023ರ ಸರ್ಕಾರಿ ವರದಿಯಲ್ಲಿ 150 ಆಯಿತು. ದಾರಿಗಳ ಸಂಖ್ಯೆ ಏರಿತೆಂದು ಸಂತೋಷಪಡಬೇಕಾಗಿಲ್ಲ. ಹುಡುಕಾಟ ಹೆಚ್ಚಾಗಿರುವುದು ನಿಜ, ಕಾಡು ಹೆಚ್ಚು ತುಂಡಾಗಿರುವುದೂ ನಿಜ.

ಈ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಮಲೆ ಮಹದೇಶ್ವರದ ಕಾಡನ್ನೂ ಕೂಡಿಸುವ ಎಡೆಯಾರಳ್ಳಿ–ದೊಡ್ಡಸಂಪಿಗೆ ಕಾರಿಡಾರು. ಅಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ ಸುಮಾರು 25 ಎಕರೆ ಖಾಸಗಿ ಜಮೀನನ್ನು ದುಡ್ಡು ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ನೋಟಿಸಿಲ್ಲ, ಒಕ್ಕಲೆಬ್ಬಿಸಿದ್ದಿಲ್ಲ. ಮಾರುವವರು ಮಾರಿದರು, ಕೊಳ್ಳುವವರು ಕೊಂಡರು, ನೋಂದಣಿ ಆಯಿತು. ಅಲ್ಲಿ ಈಗಲೂ ತೊಂದರೆಯಿದೆ. ಲೊಕ್ಕನಹಳ್ಳಿ ಕಡೆಯ ರಸ್ತೆ ಇದೆ, ಒಡೆಯರಪಾಳ್ಯದ ಟಿಬೆಟನ್ ಶಿಬಿರದ ಮುಸುಕಿನ ಜೋಳಕ್ಕೆ ಆನೆ ಬರುತ್ತದೆ. ಆದರೂ ಆ 25 ಎಕರೆಯ ಹೆಸರು ಹೇಳಿ ಯಾರೂ ರಸ್ತೆ ತಡೆ ಮಾಡಿದ್ದನ್ನು ನಾನು ಕೇಳಿಲ್ಲ. ಮೋಯಾರು ನದಿಯ ಆಚೆ ದಡದಲ್ಲಿ ಆದದ್ದು ಇದಕ್ಕೆ ತೀರ ಬೇರೆ.

ಸಿಗೂರು ಪ್ರಸ್ಥಭೂಮಿ ನೀಲಗಿರಿಯ ಉತ್ತರದ ಇಳಿಜಾರಿನ ಬುಡದಲ್ಲಿದೆ. ಮಸಿನಗುಡಿ, ಬೊಕ್ಕಾಪುರ, ಮಾವನಹಳ್ಳ ಅದರೊಳಗಿನ ಊರುಗಳು. ತಮಿಳುನಾಡಿಗೆ ಸೇರಿದ್ದರೂ ಅಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ. ಬಡಗರು, ಇರುಳರು, ಕುರುಂಬರು, ಈ ಕಡೆಯಿಂದ ಹೋಗಿ ನೆಲೆಸಿದ ಒಕ್ಕಲುಗಳು ಎಲ್ಲರೂ ಇದ್ದಾರೆ. ಪೂರ್ವಘಟ್ಟದ ಆನೆ ಪಶ್ಚಿಮಘಟ್ಟಕ್ಕೆ ದಾಟಬೇಕಾದರೆ ಒಂದು ಕಡೆ ನೀಲಗಿರಿಯ ಗೋಡೆ, ಇನ್ನೊಂದು ಕಡೆ ಮೋಯಾರಿನ ಕೊರಕಲು. ನಡುವೆ ಉಳಿಯುವ ಬಯಲೇ ಸಿಗೂರು. 2010ರ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಆನೆ ಕಾರಿಡಾರು ಘೋಷಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿದು, ರೆಸಾರ್ಟಿನವರೂ ಇತರ ಖಾಸಗಿ ಭೂಮಾಲೀಕರೂ ಮೂರು ತಿಂಗಳಲ್ಲಿ ಜಾಗ ಬಿಟ್ಟುಕೊಡಬೇಕು ಎಂದಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ರೆಸಾರ್ಟುಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್ 14ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ಅವರಿದ್ದ ಮೂವರ ಪೀಠ ಹೈಕೋರ್ಟಿನ ತೀರ್ಪನ್ನೇ ಕಾಯಂ ಮಾಡಿ, ಒಬ್ಬೊಬ್ಬರ ಆಕ್ಷೇಪಣೆ ಕೇಳಲು ನಿವೃತ್ತ ನ್ಯಾಯಮೂರ್ತಿ ಕೆ. ವೆಂಕಟರಾಮನ್ ಅವರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು.

ಈ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆನೆ ಹೋಗುವ ದಾರಿಗೆ ಅಡ್ಡಲಾಗಿ ವಿದ್ಯುತ್ ಬೇಲಿ ಎಳೆದು, ಒಳಗೆ ಈಜುಕೊಳ ತೋಡಿ, ಹೊರಗೆ 'ಕಾಡಿನ ನಡುವೆ ತಂಗಿ' ಎಂದು ಬೋರ್ಡು ಹಾಕಿದವರ ಪರವಾಗಿ ಹೇಳಲು ನನ್ನಲ್ಲಿ ಮಾತಿಲ್ಲ. 2021ರ ಜನವರಿಯಲ್ಲಿ ಮಸಿನಗುಡಿಯ ತಂಗುಮನೆಯೊಂದರ ಹತ್ತಿರ ಬಂದ ಆನೆಯ ಮೇಲೆ ಬೆಂಕಿ ಹಚ್ಚಿದ ವಸ್ತು ಎಸೆದದ್ದನ್ನೂ, ಕಿವಿ ಹತ್ತಿ ಉರಿಯುತ್ತ ಅದು ಕತ್ತಲೊಳಗೆ ಓಡಿದ್ದನ್ನೂ ದೇಶವೆಲ್ಲ ಮೊಬೈಲಿನಲ್ಲಿ ನೋಡಿದೆ. ಆನೆ ಬದುಕಲಿಲ್ಲ.

ಆದರೆ ಸಿಗೂರಿನ ವಿರೋಧ ಸಮಿತಿಗಳ ಬ್ಯಾನರಿನ ಕೆಳಗೆ ನಿಂತವರೆಲ್ಲ ರೆಸಾರ್ಟಿನವರಲ್ಲ. ಎರಡೆಕರೆ ಒಣಜಮೀನಿನವನು, ದನ ಸಾಕುವವನು, ಬಾಡಿಗೆ ಜೀಪು ಓಡಿಸುವವನು, ನಾಲ್ಕು ಕೋಣೆಯ ಮನೆಯಲ್ಲಿ ಎರಡನ್ನು ಪ್ರವಾಸಿಗರಿಗೆ ಕೊಟ್ಟವನು ಎಲ್ಲರೂ ಇದ್ದರು. ಮೊದಲು ಗುರುತಿಸಿದ್ದು ಬಿಡಿಬಿಡಿಯಾದ ಕಿರಿದಾದ ದಾರಿಗಳನ್ನು, ಅಧಿಸೂಚನೆಯಲ್ಲಿ ಅದು ಹಿಗ್ಗಿ ಊರನ್ನೇ ನುಂಗಿತು ಎಂಬುದು ಅವರ ಮುಖ್ಯ ತಕರಾರು. ಅಲ್ಲೇ ನೆಲೆಸಿ ಆನೆಗಳನ್ನು ಅಧ್ಯಯನ ಮಾಡುವ ಜೀನ್ ಫಿಲಿಪ್ ಪುಯಿರಾವೊ, ಪ್ರಿಯಾ ದಾವಿದಾರ್ ಅವರಂಥ ಸಂಶೋಧಕರೂ ಕಾರಿಡಾರನ್ನು ಗುರುತಿಸಿದ ಕ್ರಮವನ್ನು ಪ್ರಶ್ನಿಸಿದ್ದಾರೆ. ಅನುಮಾನವಿದ್ದಾಗ ಪ್ರಕೃತಿಯ ಪರ ನಿಲ್ಲಬೇಕು ಎಂಬ ಮುನ್ನೆಚ್ಚರಿಕೆಯ ತತ್ವವನ್ನು ಕೋರ್ಟು ಹಿಡಿಯಿತು. ಕೋರ್ಟಿಗೆ ಅದು ಸರಿಹೋಗುತ್ತದೆ. ಹಕ್ಕುಪತ್ರ ಕೈಯಲ್ಲಿಲ್ಲದ ಇರುಳರ ಮುದುಕಿಗೂ ಹತ್ತು ಕಾಟೇಜಿನ ಯಜಮಾನನಿಗೂ ಒಂದೇ ಅಧಿಸೂಚನೆ ಸಾಕು ಎಂದು ಸರ್ಕಾರ ತಿಳಿದದ್ದು ಸರಿಯಲ್ಲ. ಇಬ್ಬರನ್ನೂ ಒಂದೇ ಗೆರೆಯ ಒಳಗೆ ಕೂರಿಸಿದ್ದರಿಂದಲೇ ಇಬ್ಬರೂ ಒಂದೇ ಬ್ಯಾನರಿನ ಕೆಳಗೆ ಬಂದರು. ವಕೀಲರ ಫೀಸು ಕಟ್ಟುವ ಶಕ್ತಿ ಯಾರಿಗಿತ್ತೋ ಮಾತೂ ಅವರದೇ ಆಯಿತು.

ತಮಿಳುನಾಡಿನದೇ ದಿಂಬಂ ಘಾಟಿಯಲ್ಲೂ ಇದೇ ಆಯಿತು, ಚಿಕ್ಕ ಪ್ರಮಾಣದಲ್ಲಿ. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣಾರಿಯಿಂದ ಕಾರಪಳ್ಳದವರೆಗೆ ರಾತ್ರಿ ಸಂಚಾರ ನಿಲ್ಲಿಸಲು ಹೇಳಿದಾಗ ಮೊದಲು ಬೀದಿಗಿಳಿದವರು ತಾಳವಾಡಿಯ ರೈತರು. ನಮ್ಮ ನುಡಿಯವರು, ನಮ್ಮ ನೆಂಟರು. ಅವರ ತರಕಾರಿ, ಕಬ್ಬು, ಹೆರಿಗೆ ನೋವಿನ ಹೆಂಗಸರು ಎಲ್ಲ ಇಳಿಯುವುದು ಆ ಒಂದೇ ಘಾಟಿಯಲ್ಲಿ. ಆಮೇಲೆ ಸ್ಥಳೀಯರಿಗೆ ಸಡಿಲಿಕೆ ಸಿಕ್ಕಿತು. ಮೊದಲೇ ಅವರನ್ನು ಕೇಳಿದ್ದರೆ ಅದೇ ಸಡಿಲಿಕೆ ಮೊದಲ ದಿನವೇ ಇರುತ್ತಿತ್ತು. ದಾರಿಗಡ್ಡ ನಿಂತು ಲಾರಿಯಿಂದ ಕಬ್ಬು ಎಳೆದು ತಿನ್ನುವ ಆನೆಗಳ ಜೊತೆ ತಾಳವಾಡಿಯವರು ಬಾಳುತ್ತಲೇ ಇದ್ದಾರೆ. ಅವರಿಗೆ ಬೇಕಾದದ್ದು ಆಸ್ಪತ್ರೆಗೆ ಹೋಗುವ ರಸ್ತೆ.

ಇಲ್ಲಿ ನಾವು ಕನ್ನಡಿಗರು ಒಂದು ಮುಜುಗರದ ಮಾತನ್ನು ಆಡಿಕೊಳ್ಳಬೇಕು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಸಂಚಾರ ನಿಂತದ್ದು 2009ರಲ್ಲಿ, ಇದೇ ಚಾಮರಾಜನಗರದ ಜಿಲ್ಲಾಧಿಕಾರಿಯ ಆದೇಶದಿಂದ. 2010ರಲ್ಲಿ ನಮ್ಮ ಹೈಕೋರ್ಟು ಅದನ್ನು ಉಳಿಸಿತು. ಆ ನಿಷೇಧದ ಮೇಲೆ ಕೈ ಹಾಕಬೇಡಿ ಎಂದು ಇಡೀ ಕರ್ನಾಟಕ ದನಿ ಎತ್ತುತ್ತದೆ, ನಾನೂ ಎತ್ತಿದ್ದೇನೆ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ವಯನಾಡಿನ ಯುವಕರು ಉಪವಾಸ ಕೂತಾಗ, ವ್ಯಾಪಾರಕ್ಕಾಗಿ ಕಾಡು ಕೊಲ್ಲುವವರು ಎಂದು ನಾವು ಅವರನ್ನು ಕರೆದೆವು. ಆದರೆ ಸಕಲೇಶಪುರ, ಶೃಂಗೇರಿ, ತೀರ್ಥಹಳ್ಳಿ, ಸಿರಸಿಗಳಲ್ಲಿ ಪಶ್ಚಿಮಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿಯನ್ನು ವಿರೋಧಿಸಿ ಜನ ಬೀದಿಗಿಳಿದಾಗ ಅದು ಮಲೆನಾಡಿನ ಬದುಕಿನ ಪ್ರಶ್ನೆ ಎಂದೆವು. ನಿರ್ಬಂಧದ ಖರ್ಚು ಇನ್ನೊಬ್ಬರ ಜೇಬಿನಿಂದ ಹೋಗುವಾಗ ನಮಗೆಲ್ಲ ಪರಿಸರ ಪ್ರಜ್ಞೆ ಇರುತ್ತದೆ. ಬಂಡೀಪುರದ ನಿಷೇಧ ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ವಯನಾಡಿನವರ ಸಿಟ್ಟನ್ನು ಅಳೆಯಲು ಒಂದು ಸೇರು, ಮಲೆನಾಡಿನವರ ಸಿಟ್ಟಿಗೆ ಇನ್ನೊಂದು ಸೇರು ಬೇಡ ಎನ್ನುತ್ತಿದ್ದೇನೆ.

ಇನ್ನು ಮಲೆನಾಡಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಿ ಪರಿಸರ ಸೂಕ್ಷ್ಮ ಪ್ರದೇಶದ ಗಡಿ ನಿರ್ಧರಿಸಿ ಎಂಬುದು ಅದರ ಜೀವಾಳ. ಕೇಂದ್ರ ಸರ್ಕಾರ ಆ ವರದಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿತು, ಮಾಹಿತಿ ಹಕ್ಕಿನ ಹೋರಾಟದ ಬಳಿಕ 2012ರಲ್ಲಿ ಬಿಡುಗಡೆಯಾಯಿತು. ಜನರನ್ನು ಕೇಳಿ ಎಂದ ವರದಿಯೇ ಜನರ ಕೈಗೆ ಹೀಗೆ ಬಂತು. ಅದರ ಮೇಲೆ ಕಸ್ತೂರಿರಂಗನ್ ಸಮಿತಿ ಕೂತು 2013ರಲ್ಲಿ ಘಟ್ಟದ ಸುಮಾರು ಶೇಕಡ 37ರಷ್ಟು ಪ್ರದೇಶವನ್ನು ಮಾತ್ರ ಪರಿಸರ ಸೂಕ್ಷ್ಮ ಎಂದಿತು. 2014ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು, 1,576 ಹಳ್ಳಿ. ಅಲ್ಲಿಂದ ಕರಡಿನ ಮೇಲೆ ಕರಡು. ಆರನೆಯದು 2024ರ ಜುಲೈ 31ರಂದು, ವಯನಾಡಿನ ಗುಡ್ಡ ಕುಸಿದು ನೂರಾರು ಜನ ಮಣ್ಣಾದ ಮಾರನೆಯ ದಿನದ ತಾರೀಖಿನಲ್ಲಿ ಹೊರಬಿತ್ತು. ಸೆಪ್ಟೆಂಬರ್ 26ರಂದು ಕರ್ನಾಟಕದ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಅಧಿಕಾರದಲ್ಲಿ ಯಾವ ಪಕ್ಷವಿದ್ದರೂ ಈ ವಿಷಯದಲ್ಲಿ ರಾಜ್ಯದ ಉತ್ತರ ಒಂದೇ ಆಗಿದೆ. ಇಷ್ಟು ಒಗ್ಗಟ್ಟನ್ನು ಕಾವೇರಿಯ ವಿಷಯ ಬಿಟ್ಟರೆ ಬೇರೆಲ್ಲೂ ಕಾಣೆವು.

ಆ ಕರಡಿನಲ್ಲಿ ನಿಜಕ್ಕೂ ಬೇಡ ಎಂದದ್ದು ಏನನ್ನು? ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ಪಟ್ಟಿಯ ಹೊಸ ಕಾರ್ಖಾನೆ, 20,000 ಚದರ ಮೀಟರು ಮೀರಿದ ಕಟ್ಟಡ, 50 ಹೆಕ್ಟೇರು ಮೀರಿದ ಟೌನ್‌ಶಿಪ್. ಅಡಿಕೆ ತೋಟ, ಕಾಫಿ ತೋಟ, ಗದ್ದೆ, ಇರುವ ಮನೆ ಇವಕ್ಕೆ ತಡೆ ಇಲ್ಲ. ಆದರೆ ಹಳ್ಳಿಯಲ್ಲಿ ಹರಡಿದ ಸುದ್ದಿಯೇ ಬೇರೆ. ಹಂಚು ಬದಲಿಸುವಂತಿಲ್ಲ, ದರಗು ಗುಡಿಸುವಂತಿಲ್ಲ, ತೋಟಕ್ಕೆ ಔಷಧಿ ಹೊಡೆಯುವಂತಿಲ್ಲ, ಮಗಳ ಮದುವೆಗೆ ಚಪ್ಪರ ಹಾಕಲೂ ಫಾರೆಸ್ಟಿನವರ ಅಪ್ಪಣೆ ಬೇಕಂತೆ. ಇಂಗ್ಲಿಷಿನಲ್ಲಿದ್ದ ದಪ್ಪ ವರದಿಯನ್ನು ಓದಿದವರು ಕಡಿಮೆ, ಓದಿದೆ ಎಂದು ಭಾಷಣ ಮಾಡಿದವರು ಹೆಚ್ಚು. ಕ್ವಾರಿಯ ಲೈಸೆನ್ಸು ಹೋಗುವವನು ಹಂಚಿನ ಮನೆಯವನ ಹೆಸರಿನಲ್ಲಿ ಅತ್ತ.

ಇದನ್ನು ಅಪಪ್ರಚಾರ ಎಂದು ಬೈದು ಪರಿಸರವಾದಿ ಗೆಳೆಯರು ಅಲ್ಲಿಗೇ ಮುಗಿಸುತ್ತಾರೆ. ನಾನು ಮುಗಿಸಲಾರೆ. ಸುಳ್ಳು ಸುದ್ದಿ ಹರಡಿದವರ ಮೇಲಿನ ಕೋಪಕ್ಕಿಂತ, ಓದು ಬಲ್ಲ, ಲೆಕ್ಕ ಬಲ್ಲ, ಸಹಕಾರ ಸಂಘ ಕಟ್ಟಿ ಬೆಳೆಸಿದ ಮಲೆನಾಡಿಗ ಅದನ್ನು ಯಾಕೆ ನಂಬಿದ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ನಂಬಲು ಅವನಿಗೆ ಹಳೆಯ ಕಾರಣಗಳಿವೆ.

ಶಿವಮೊಗ್ಗದ ಶರಾವತಿ ಕೊಳ್ಳವನ್ನೇ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಕೊಡಲು ಮನೆ ಗದ್ದೆ ಮುಳುಗಿಸಿಕೊಂಡವರನ್ನು ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದರು. ಇದೇ ನಿಮ್ಮ ಜಾಗ ಎಂದರು. ಕಂದಾಯ ಇಲಾಖೆ ತೋರಿಸಿದ ಆ ಜಾಗ ಅರಣ್ಯ ಇಲಾಖೆಯ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಅವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಪಾದಯಾತ್ರೆ ಮಾಡುತ್ತಿದ್ದಾರೆ. 2019ರಲ್ಲಿ ಅದೇ ಕೊಳ್ಳದ ಅಭಯಾರಣ್ಯವನ್ನು ಹಿಗ್ಗಿಸಿ ಸಿಂಗಳೀಕ ಅಭಯಾರಣ್ಯ ಎಂದು ಸುಮಾರು 930 ಚದರ ಕಿಲೋಮೀಟರಿಗೆ ಗೆರೆ ಎಳೆದರು. ಸಿಂಗಳೀಕ ಉಳಿಯಲೇಬೇಕಾದ ಜೀವ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮುಳುಗಡೆಯ ಮೊಮ್ಮಗನಿಗೆ ಇದು ಎಷ್ಟನೆಯ ಗೆರೆ ಎಂದು ಗೆರೆ ಎಳೆದವರು ಎಣಿಸಲಿಲ್ಲ.

ಇನ್ನು ಸೆಕ್ಷನ್ 4. ಈ ಎರಡು ಪದಕ್ಕೆ ಮಲೆನಾಡಿನಲ್ಲಿ ವಿವರಣೆ ಬೇಕಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇಂಥ ಪ್ರದೇಶವನ್ನು ಮೀಸಲು ಅರಣ್ಯ ಮಾಡುವ ಉದ್ದೇಶವಿದೆ ಎಂದು ಸರ್ಕಾರ ಪ್ರಕಟಿಸುತ್ತದೆ. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ಬಂದು ಒಳಗಿರುವವರ ಹಕ್ಕು ಬಾಧ್ಯತೆ ವಿಚಾರಿಸಿ ತೀರ್ಮಾನ ಮಾಡಬೇಕು. ಕೊನೆಗೆ ಸೆಕ್ಷನ್ 17ರ ಪ್ರಕಾರ ಅಂತಿಮ ಘೋಷಣೆ. ಎಷ್ಟೋ ಕಡೆ ಸೆಕ್ಷನ್ 4 ಆಗಿ ದಶಕಗಳು ಕಳೆದಿವೆ, ವಿಚಾರಣೆ ಮುಗಿದಿಲ್ಲ. ಆ ಜಮೀನು ಅತ್ತ ಕಾಡೂ ಅಲ್ಲ, ಇತ್ತ ರೈತನದೂ ಅಲ್ಲ. ಸಾಲ ಸಿಗದು, ಪಾಲು ಆಗದು, ಬಗರ್ ಹುಕುಂ ಅರ್ಜಿ ಹಾಕಿದರೆ ಅರಣ್ಯ ಎಂಬ ಷರಾ. ಅದರ ಮೇಲೆ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯವೆಂದು ಪರಿಗಣಿಸಿದ ಜಮೀನು, ಎಂಬ ಇನ್ನೊಂದು ಪದರ. ಒಮ್ಮೆ 9.94 ಲಕ್ಷ ಹೆಕ್ಟೇರು ಎಂದು ಪಟ್ಟಿ ಮಾಡಿದ ಸರ್ಕಾರವೇ 2022ರಲ್ಲಿ ಅದನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಸರ್ಕಾರದ ಲೇಖನಿಯ ಒಂದು ಎಳೆತದಲ್ಲಿ ಆರೂವರೆ ಲಕ್ಷ ಹೆಕ್ಟೇರು ಅರಣ್ಯವಾಗುವುದನ್ನೂ ಅರಣ್ಯವಲ್ಲದಾಗುವುದನ್ನೂ ಕಂಡ ಜನ, ಪರಿಸರ ಸೂಕ್ಷ್ಮ ಪ್ರದೇಶದಿಂದ ನಿಮಗೇನೂ ಆಗದು ಎಂಬ ಅದೇ ಸರ್ಕಾರದ ಮಾತನ್ನು ಹೇಗೆ ನಂಬಬೇಕು? ಸೊಪ್ಪಿನಬೆಟ್ಟ, ಕಾನು, ಬಾಣೆ, ಕುಮ್ಕಿ, ಗೋಮಾಳ, ಇವೆಲ್ಲವೂ ಅರ್ಧ ಹಕ್ಕಿನ ನೆಲಗಳು. ಆ ಅರ್ಧ ಯಾವ ಅರ್ಧ ಎಂದು ಬರೆದುಕೊಡದೆ, ಮೇಲೆ ಮತ್ತೊಂದು ಬಣ್ಣ ಬಳಿಯಲು ಹೋದದ್ದೇ ಕಸ್ತೂರಿರಂಗನ್ ವರದಿ ಸೋತ ಕಾರಣ. ಉಪಗ್ರಹದ ಚಿತ್ರಕ್ಕೆ ಹಸಿರು ಕಾಣುತ್ತದೆ, ಪಹಣಿ ಕಾಣುವುದಿಲ್ಲ.

ಬೆಂಗಳೂರಿನ ಬಗಲಿನ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ ಏನಾಯಿತು ಎಂಬುದನ್ನೂ ಇದರ ಪಕ್ಕದಲ್ಲಿಡಬೇಕು. 2016ರ ಕರಡಿನಲ್ಲಿ ಅದರ ಪರಿಸರ ಸೂಕ್ಷ್ಮ ವಲಯ 268.96 ಚದರ ಕಿಲೋಮೀಟರು ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಉಳಿಯಿತು. ಅಲ್ಲಿ ಹೆಚ್ಚು ಕೂಗಿದವರು ವಲಯ ಕುಗ್ಗಿಸಬೇಡಿ ಎಂದ ನಾಗರಿಕರು. ಸದ್ದಿಲ್ಲದೆ ಕೆಲಸ ಮುಗಿಸಿದವರು ಬೇರೆ. ನಗರದ ಅಂಚಿನ ಎಕರೆಯ ಬೆಲೆ ಬಲ್ಲವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹಾಸನದ ಆಲೂರು, ಸಕಲೇಶಪುರದ ಕಥೆಯೇ ಬೇರೆ. ಅಲ್ಲಿ ಆನೆಗೆ ಕಾಡಿಲ್ಲ, ಕಾಫಿ ತೋಟವೇ ಕಾಡು. ಹೈಕೋರ್ಟು ನೇಮಿಸಿದ, ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ರಾಜ್ಯವನ್ನು ಆನೆ ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆ ತೆರವಿನ ವಲಯ ಎಂದು ಮೂರಾಗಿ ವಿಂಗಡಿಸಲು ಹೇಳಿತು. ಆಲೂರಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. 2023ರ ಡಿಸೆಂಬರಿನಲ್ಲಿ ಅಲ್ಲೇ, ಯಸಳೂರು ವಲಯದಲ್ಲಿ, ಎಂಟು ಬಾರಿ ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನ ಕಾಡಾನೆಯ ತಿವಿತಕ್ಕೆ ಸತ್ತ. ನಾಡು ಅರ್ಜುನನಿಗಾಗಿ ಅತ್ತಿತು, ಅಳಬೇಕಾದದ್ದೇ. ಅದೇ ತೋಟಗಳಲ್ಲಿ ಬೆಳಗಿನ ಜಾವ ಕಾಫಿ ಕೊಯ್ಲಿಗೆ ಹೊರಟು ಆನೆ ಕಾಲಿಗೆ ಸಿಕ್ಕ ಕೂಲಿ ಹೆಂಗಸರಿಗೆ ಸ್ಮಾರಕವಿಲ್ಲ. ಅವರಿಗೆ ಪಹಣಿಯೂ ಇಲ್ಲ, ಆದ್ದರಿಂದ ಅವರು ವಿರೋಧ ಸಮಿತಿಯಲ್ಲೂ ಇಲ್ಲ.

ಮಲೆ ಮಹದೇಶ್ವರದ ಕಡೆ ಈಗ ಕಾಡಿನೊಳಗೆ ದನ ಮೇಯಿಸುವುದರ ಮೇಲೆ ನಿರ್ಬಂಧದ ಮಾತು. ಐದು ಹುಲಿ ಸತ್ತ ಬೆನ್ನಿಗೇ, 2025ರ ಜುಲೈನಲ್ಲಿ ಬಂದ ಮಾತು ಅದು. ಈ ದನಗಳ ವಿಷಯದಲ್ಲಿ ಗುಂಡ್ಲುಪೇಟೆಯ ಒಂದು ಅಧ್ಯಯನ ನೆನಪಾಗುತ್ತದೆ. ಎಂ.ಡಿ. ಮಧುಸೂದನ್ ಬಂಡೀಪುರದಂಚಿನ ಹಳ್ಳಿಗಳ ದನ, ಸಗಣಿ, ಗೊಬ್ಬರ ಎಲ್ಲ ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದರು. 1994ರಲ್ಲಿ ಬ್ರೆಜಿಲಿನಲ್ಲಿ ಮಂಜು ಹೆಪ್ಪುಗಟ್ಟಿ ಕಾಫಿ ಬೆಳೆ ಕೆಟ್ಟಿತು, ಜಗತ್ತಿನಲ್ಲಿ ಕಾಫಿಯ ಬೆಲೆ ಏರಿತು. ವಯನಾಡು, ಕೊಡಗಿನ ತೋಟಗಳಿಗೆ ಗೊಬ್ಬರ ಬೇಕಾಯಿತು, ಲಾರಿಗಳು ನಮ್ಮ ಹಳ್ಳಿಗಳಿಗೆ ಬಂದವು. ತಮ್ಮ ಹೊಲಕ್ಕೆ ಹಾಕುತ್ತಿದ್ದ ಸಗಣಿ ಮಾರುವ ಸರಕಾಯಿತು. ಸಗಣಿಗೋಸ್ಕರವೇ ದನ ಇಟ್ಟುಕೊಳ್ಳುವುದು ಲಾಭವಾಯಿತು. ಆ ದನ ಮೇಯ್ದದ್ದು ಬಂಡೀಪುರದ ಹುಲ್ಲು. ಹಾಗಾದರೆ ಜಿಂಕೆಯ ಹುಲ್ಲು ಕದ್ದವನು ಹಂಗಳದ ದನಗಾಹಿಯೋ, ಕಾಫಿ ಕುಡಿದ ನಾವೋ? ದನಗಾಹಿಯನ್ನು ಮಾತ್ರ ತಡೆಯುವ ಆದೇಶ ಸುಲಭ. ಅವನು ಕಣ್ಣಿಗೆ ಕಾಣುತ್ತಾನೆ, ಬೆಲೆ ಕಾಣುವುದಿಲ್ಲ. ಮೇವಿಗೆ ಬೇರೆ ದಾರಿ ತೋರಿಸದೆ ದೊಡ್ಡಿ ಎಬ್ಬಿಸಿದರೆ ಮುಂದಿನ ಕಳೇಬರಕ್ಕೂ ವಿಷ ಬೀಳುವ ಭಯ ನನಗಿದೆ. ವಿಷ ಹಾಕಿದವರಿಗೆ ಶಿಕ್ಷೆ ಆಗಲೇಬೇಕು ಎಂಬುದನ್ನೂ ಇದರ ಜೊತೆಗೇ ಹೇಳುತ್ತೇನೆ. ಹಸು ಸತ್ತ ವಾರದಲ್ಲಿ ಪರಿಹಾರದ ಹಣ ಕೈಗೆ ಬಂದರೆ ಕಾನೂನಿನ ಮಾತಿಗೂ ತೂಕ ಬರುತ್ತದೆ.

ಹಕ್ಕು ಮೊದಲು ಎಂಬ ವಾದಕ್ಕೆ ಈ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಅಲ್ಲಿನ ಬುಡಕಟ್ಟಿನವರಾದ ಸೋಲಿಗರನ್ನು ಕಾಡಿನೊಳಗಿನ ಪೋಡುಗಳೆಂಬ ಹಾಡಿಗಳಿಂದ ಎಬ್ಬಿಸಿದರು. 2006ರ ಸುಮಾರಿಗೆ ನೆಲ್ಲಿ, ಜೇನು, ಪಾಚಿ ತೆಗೆಯುವುದನ್ನೂ ನಿಲ್ಲಿಸಿದರು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ, ತಕರಾರುಗಳು ಇದ್ದೇ ಇವೆ. ಆದರೆ ಸೋಲಿಗರು ಈಗ ಹುಲಿ ಬೇಡ ಎಂದು ವಾದಿಸುವುದಿಲ್ಲ. ಲಂಟಾನ ಹಬ್ಬಿ ಮೇವು ಹಾಳಾಗಿದೆ, ತರಗುಬೆಂಕಿ ಹಾಕಲು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಕಾಡಿನ ಯಜಮಾನರಂತೆ ವಾದಿಸುತ್ತಾರೆ. ಹಕ್ಕು ಇದ್ದವನ ತಕರಾರಿನ ವಿಷಯವೇ ಬದಲಾಗುತ್ತದೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಮರ ಖಾಸಗಿಯವರದು. ಕಾಯಿಯ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯನಿಗೆ ಹಣ ಕೊಡುತ್ತದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬ ವ್ಯವಸ್ಥೆ ಬಂತು, ಜಮೀನಿನವರು ತಾವಾಗಿ ಮುಂದೆ ಬಂದರೆ ಮಾತ್ರ ಅದು ಜಾರಿ. 2007ರಲ್ಲಿ ಕೊಕ್ಕರೆ ಬೆಳ್ಳೂರು ಹಾಗೆ ಮೀಸಲಾಯಿತು. ಹೆಜ್ಜಾರ್ಲೆ ಯಾರನ್ನೂ ತುಳಿಯುವುದಿಲ್ಲ, ಆನೆಯ ಬಾಬತ್ತು ದುಬಾರಿ ಎನ್ನುತ್ತೀರಿ. ಒಪ್ಪಿದೆ. ದುಬಾರಿ ಎಂದಮೇಲೆ ಆ ದುಬಾರಿಯನ್ನು ಈಗ ಯಾರು ಕಟ್ಟುತ್ತಿದ್ದಾರೆ ಎಂದೂ ಕೇಳಿಕೊಳ್ಳಬೇಕು.

ನನ್ನ ಸಲಹೆ ಕಂದಾಯ ಇಲಾಖೆಯ ಭಾಷೆಯಲ್ಲೇ ಇದೆ. ನಮ್ಮ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಯಲ್ಲಿ ತೋರಿಸುತ್ತಾರೆ. ಜಮೀನು ನಿಮ್ಮದೇ, ಉಳುವವರೂ ನೀವೇ, ದಾರಿ ಮಾತ್ರ ಬಿಡಬೇಕು. ಬಂಡಿದಾರಿಗೆ ಜಗಳವಾಗದ ಊರಿಲ್ಲ, ಆದರೆ ಆ ಜಗಳ ತೀರಿಸುವ ಕ್ರಮ ತಹಶೀಲ್ದಾರರಿಗೂ ಗೊತ್ತು, ಊರಿಗೂ ಗೊತ್ತು. ಆನೆ ನಡೆಯುವ ಪಟ್ಟಿಯನ್ನು ಹಾಗೆಯೇ ಸರ್ವೆ ನಂಬರಿನ ಮಟ್ಟದಲ್ಲಿ ಗುರುತಿಸಿ, ಬೇಲಿ ಹಾಕುವುದಿಲ್ಲ, ಕಟ್ಟಡ ಕಟ್ಟುವುದಿಲ್ಲ, ಆನೆ ಮೆಚ್ಚುವ ಬೆಳೆ ಇಡುವುದಿಲ್ಲ ಎಂದು ಒಪ್ಪಿದ ರೈತನಿಗೆ ವರ್ಷ ವರ್ಷ ಬಾಡಿಗೆ ಕೊಡಬೇಕು. ಪರಿಹಾರ ಅಲ್ಲ, ಬಾಡಿಗೆ. ಸತ್ತಮೇಲೆ ಲಕ್ಷಗಟ್ಟಲೆ ಕೊಡುವುದಕ್ಕೂ ಬದುಕಿರುವಾಗ ಎಕರೆಗೆ ಇಷ್ಟು ಎಂದು ಬ್ಯಾಂಕ್ ಖಾತೆಗೆ ಹಾಕುವುದಕ್ಕೂ ವ್ಯತ್ಯಾಸವಿದೆ. ಮಾರುತ್ತೇನೆ ಎನ್ನುವವರಿಂದ ಎಡೆಯಾರಳ್ಳಿಯ ಹಾಗೆ ಕೊಂಡುಕೊಳ್ಳಲಿ. ದುಡ್ಡೆಲ್ಲಿಂದ ಎಂದರೆ, ರಾತ್ರಿಗೆ ಹತ್ತಾರು ಸಾವಿರ ಬಾಡಿಗೆ ಪಡೆಯುವ ಕಾಡಂಚಿನ ರೆಸಾರ್ಟುಗಳು ಇರುವುದು ಆ ಆನೆಗಳಿಂದಲೇ. ಅವರ ಮೇಲೆ ಒಂದು ಸುಂಕ ಹಾಕಿ.

ನಿರ್ಬಂಧಕ್ಕೂ ಒಂದು ಸರದಿ ಇರಬೇಕು. ಮೊದಲು ಭೂಪರಿವರ್ತನೆಗೆ, ಕ್ವಾರಿಗೆ, ರೆಸಾರ್ಟಿಗೆ, ಘಟ್ಟ ಸೀಳುವ ಸರ್ಕಾರಿ ಕಾಮಗಾರಿಗೆ. ಕೊನೆಗೆ ಬೇಕಾದರೆ ರಾಗಿ ಹೊಲಕ್ಕೆ. ಈಗ ನಡೆದಿರುವುದು ತಿರುಗುಮುರುಗಾಗಿದೆ. ದನ ಕಾಯುವವನಿಗೆ ಇಂದೇ ಆದೇಶ, ಕ್ವಾರಿಯವನಿಗೆ ತಡೆಯಾಜ್ಞೆ.

ವಿರೋಧ ಸಮಿತಿಗಳ ಮುಖಂಡರು ಈ ಸಭೆಯಲ್ಲೂ ಕೆಲವರಿದ್ದೀರಿ. ನಿಮಗೆ ಒಂದು ಕೇಳಿಕೆ. ನಿಮ್ಮ ಮನವಿಪತ್ರದ ಮೊದಲ ಸಾಲಿನಲ್ಲಿ 'ವರದಿ ತಿರಸ್ಕರಿಸಿ' ಎಂದು ಬರೆಯುವ ಬದಲು 'ಸೆಕ್ಷನ್ 4 ವಿಚಾರಣೆ ಮುಗಿಸಿ' ಎಂದು ಬರೆಯಿರಿ. ವೇದಿಕೆ ಹತ್ತುವ ಶಾಸಕರಲ್ಲಿ ಎಷ್ಟು ಮಂದಿ ಅಲ್ಲೇ ನಿಲ್ಲುತ್ತಾರೆ ನೋಡೋಣ. ವರದಿ ತಿರಸ್ಕರಿಸುವುದು ಅವರಿಗೆ ಸಲೀಸು, ಮಾಡಿದ್ದಾರೆ. ಹಕ್ಕುಪತ್ರ ಬರೆದುಕೊಡುವುದು ಕಷ್ಟ, ಅದನ್ನು ಮಾಡಿಲ್ಲ.

ಅರಣ್ಯ ಇಲಾಖೆಯವರೂ ಕಂದಾಯ ಇಲಾಖೆಯವರೂ ಒಂದೇ ಸಾಲಿನಲ್ಲಿ ಕೂತಿರುವುದನ್ನು ಇಲ್ಲಿಂದ ನೋಡುತ್ತಿದ್ದೇನೆ, ಅಪರೂಪದ ನೋಟ. ಜಂಟಿ ಸರ್ವೆ ಎಂದು ನೀವಿಬ್ಬರೂ ಹೇಳುತ್ತೀರಿ, ದಿನಾಂಕ ಮಾತ್ರ ಕೂಡಿಬರುವುದಿಲ್ಲ. ಕಣಿಯನಪುರ, ಪುಣಜನೂರು, ಎಡೆಯಾರಳ್ಳಿ, ಈ ಮೂರು ಕಡೆಯ ಕಾರಿಡಾರಿನ ಸರ್ವೆ ನಂಬರುಗಳು ಬೆರಳೆಣಿಕೆಯ ಊರುಗಳಿಗೆ ಸೇರಿದವು. ಇಡೀ ಪಶ್ಚಿಮಘಟ್ಟ ಬೇಡ, ಇಷ್ಟರಿಂದ ಶುರು ಮಾಡಿ. ಸರಪಳಿ ಹಿಡಿದು ಬರುವ ದಿನ ಊರಿಗೆ ಮೊದಲೇ ಡಂಗುರ ಹೊಡೆಸಿ, ಗ್ರಾಮಸಭೆ ಕರೆಯಿರಿ, ಕನ್ನಡದಲ್ಲಿ ಬರೆದ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಅದಕ್ಕೆ ಬರುವ ತಕರಾರುಗಳನ್ನು ಕೇಳಲು ಮುಂದಿನ ವರ್ಷ ಇದೇ ದತ್ತಿ ಉಪನ್ಯಾಸದ ಸಭೆಗೆ ನಾನೂ ಬರುತ್ತೇನೆ, ಕೇಳುಗನಾಗಿ.